ಮಿಂಚಿಲ್ಲದ ಚೂರಿಮೀನು

ಆಷಾಢದ ಮಳೆ ಹಿಡಿದ ಮೇಲೆ ಕಳಸದ ಬಳಿ ಭದ್ರಾನದಿಯನ್ನು ನೋಡಿದವರು ಅದರ ಬಣ್ಣವನ್ನು ಮರೆಯಲಾರರು. ಬೇಸಗೆಯಲ್ಲಿ ತಳದ ಕಲ್ಲುಗಳನ್ನು ಎಣಿಸುವಷ್ಟು ತಿಳಿಯಾಗಿದ್ದ ನೀರು ಆಗ ಕೆಮ್ಮಣ್ಣಿನ ಕಷಾಯದಂತಿರುತ್ತದೆ. ಅದರಲ್ಲಿ ಕೈಯಿಳಿಸಿದರೆ ಬೆರಳುಗಳು ಕಾಣಿಸವು. ಇಂಥ ನೀರಿನೊಳಗೆ, ಅದರಲ್ಲಿಯೂ ರಾತ್ರಿಯ ಹೊತ್ತಿನಲ್ಲಿ, ಮೀನು ತನ್ನ ದಾರಿಯನ್ನೂ ಆಹಾರವನ್ನೂ ಹೇಗೆ ಕಂಡುಕೊಳ್ಳುತ್ತದೆ? ಅದು ವಾಸನೆ ಹಿಡಿಯುತ್ತದೆ, ಮೀಸೆಯಿದ್ದರೆ ಮೀಸೆಯಿಂದ ತಡವುತ್ತದೆ, ಮೈಯ ಎರಡು ಪಕ್ಕಗಳಲ್ಲಿ ಗೆರೆಯಂತೆ ಸಾಗಿರುವ ಇಂದ್ರಿಯದಿಂದ ನೀರಿನ ಅಲುಗಾಟವನ್ನು ಅರಿಯುತ್ತದೆ ಎಂಬುದನ್ನು ಬಹುಮಂದಿ ಬಲ್ಲರು. ಇವಲ್ಲದೆ ನಾಲ್ಕನೆಯ ಉಪಾಯವೊಂದುಂಟು. ಅದೇ ವಿದ್ಯುತ್ತು.

ಮೂಡಿಗೆರೆಯ ಕಡೆಯ ಕಾಫಿತೋಟದಲ್ಲಿರುವ ಮಿತ್ರರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರು ಮಕ್ಕಳಿಗಾಗಿ ಬೆಂಗಳೂರಿನ ಅಂಗಡಿಯೊಂದರಿಂದ ಕರಿಯ ಮೀನೊಂದನ್ನು ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟಿದ್ದರು. ಇದರ ಮೈ ಚೂರಿಯ ಅಲಗಿನಂತೆ ಚಪ್ಪಟೆ. ಹೊಟ್ಟೆಯ ಅಡಿಯಲ್ಲಿ ಉದ್ದಕ್ಕೂ ಒಂದೇ ರೆಕ್ಕೆ. ಅದನ್ನು ಸೀರೆಯ ಅಂಚಿನಂತೆ ಅಲೆಯಾಡಿಸುತ್ತ ಮುಂದಕ್ಕೂ ಹಿಂದಕ್ಕೂ ಸಮಾನವಾಗಿ ಈಜುತ್ತದೆ. ಅಂಗಡಿಯವನು ಅದನ್ನು ‘ಬ್ಲ್ಯಾಕ್ ಘೋಸ್ಟ್’ ಎಂದು ಕರೆದು, ಅದು ವಿದ್ಯುತ್ತನ್ನು ಹೊರಡಿಸುವ ಮೀನೆಂದು ಹೇಳಿದ್ದನು. ಮಿತ್ರರಿಗೆ ಅದನ್ನು ಕಂಡಾಗ ಲಕ್ಕವಳ್ಳಿಯ ಬೆಸ್ತರ ಬುಟ್ಟಿಯಲ್ಲಿ ನೋಡಿದ ಚಪ್ಪಲಿ ಮೀನಿನ ನೆನಪಾಯಿತು. ಆಕಾರ ಅದೇ, ರೆಕ್ಕೆಯೂ ಅದೇ. “ಹಾಗಾದರೆ ನಮ್ಮ ಚಪ್ಪಲಿ ಮೀನಿನಲ್ಲಿಯೂ ಕರೆಂಟು ಇರಬೇಕಲ್ಲ? ಹಿಡಿದವರಿಗೆ ಹೊಡೆಯುವುದಿಲ್ಲವೇಕೆ?” ಎಂದು ಅವರು ಕೇಳಿದರು.

ಚಪ್ಪಲಿ ಮೀನಿನಲ್ಲಿ ವಿದ್ಯುತ್ತಿಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಮಿತ್ರರ ಊಹೆಯನ್ನು ತಳ್ಳಿಹಾಕುವಂತಿಲ್ಲ. ಇದೇ ಹೋಲಿಕೆಗೆ ಮರುಳಾದವರಲ್ಲಿ ದೊಡ್ಡ ವಿದ್ವಾಂಸರೂ ಇದ್ದರು. ದಕ್ಷಿಣ ಅಮೆರಿಕದ ಪ್ರಸಿದ್ಧ ವಿದ್ಯುನ್ಮೀನಿಗೆ ಲಿನೀಯಸನು ೧೭೬೬ರಲ್ಲಿ ‘ಗಿಮ್ನೋಟಸ್ ಎಲೆಕ್ಟ್ರಿಕಸ್’ ಎಂದು ಹೆಸರಿಟ್ಟನು. ಮೂರೇ ವರ್ಷಗಳ ತರುವಾಯ, ೧೭೬೯ರಲ್ಲಿ, ಪಲ್ಲಾಸ್ ಎಂಬ ಪ್ರಾಣಿಶಾಸ್ತ್ರಜ್ಞನು ಏಷ್ಯದ ಚಪ್ಪಲಿ ಮೀನನ್ನು ವರ್ಣಿಸುವಾಗ ಅದನ್ನೂ ಗಿಮ್ನೋಟಸ್ ಕುಲಕ್ಕೇ ಸೇರಿಸಿದನು. ಗಿಮ್ನೋಟಸ್ ಎಂದರೆ ಬರಿಬೆನ್ನಿನದು. ಚಪ್ಪಲಿ ಮೀನಿನ ಬೆನ್ನಾದರೋ ಬರಿದಲ್ಲ. ಅಲ್ಲಿ ಗರಿಯಂತಹ ಒಂದು ಪುಟ್ಟ ರೆಕ್ಕೆಯುಂಟು. ಆದುದರಿಂದ ೧೮೦೦ರಲ್ಲಿ ಲಾಸೆಪೇದನು ಅದಕ್ಕಾಗಿ ‘ನೋಟಾಪ್ಟೆರಸ್’, ಎಂದರೆ ಬೆನ್ನುರೆಕ್ಕೆಯದು, ಎಂಬ ಬೇರೆಯ ಕುಲವನ್ನು ಕಲ್ಪಿಸಿದನು. ಭಾರತದ ಮೀನು ಆಗ್ನೇಯ ಏಷ್ಯದ್ದಕ್ಕಿಂತ ಬೇರೆಯ ಜಾತಿಯೆಂದು ೨೦೨೦ರಲ್ಲಿ ಅನುವಂಶಧಾತುಗಳ ಪರೀಕ್ಷೆಯಿಂದ ತೋರಿಸಿದ್ದಾರೆ. ಹೆಸರಿನ ಈ ಅಲೆದಾಟ ಇನ್ನೂ ಮುಗಿದಂತಿಲ್ಲ.

ಚಪ್ಪಲಿ ಮೀನು ಗಂಗಾಮೂಲದಿಂದ ಕಳಸದವರೆಗಿನ ಭೋರ್ಗರೆವ ನೀರಿನದಲ್ಲ. ಅದಕ್ಕೆ ಬೇಕಾದುದು ನಿಧಾನವಾದ ಹರಿವು, ಮಡು, ಕೆರೆ, ಜಲಾಶಯ. ಭದ್ರಾ ಜಲಾಶಯದ ಮೀನುಗಳ ಪಟ್ಟಿಯಲ್ಲಿ ಅದರ ಹೆಸರುಂಟು. ಹಗಲಿನಲ್ಲಿ ಗಿಡಗಂಟಿಯ ಮರೆಯಲ್ಲಿ ಸುಮ್ಮನಿದ್ದು, ಕತ್ತಲಾದ ಮೇಲೆ ಹುಳು, ಸೀಗಡಿ, ಮರಿಮೀನುಗಳನ್ನು ಅರಸುತ್ತ ಹೊರಡುತ್ತದೆ. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದರೆ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ, ಈಜುಚೀಲವನ್ನೇ ಶ್ವಾಸಕೋಶದಂತೆ ಬಳಸಿಕೊಳ್ಳುತ್ತದೆ. ಮುಳ್ಳು ಹೆಚ್ಚೆಂದು ದೂರುವವರು ಕೂಡ ಅದರ ರುಚಿಯನ್ನು ಅಲ್ಲಗಳೆಯುವುದಿಲ್ಲ.

ಇನ್ನು ಮಿಂಚಿನ ಮೀನುಗಳ ವಿಚಾರ. ದಕ್ಷಿಣ ಮತ್ತು ಮಧ್ಯ ಅಮೆರಿಕದ ಸಿಹಿನೀರಿನಲ್ಲಿ ಈ ಚೂರಿಮೀನುಗಳ ೨೦೦ಕ್ಕೂ ಹೆಚ್ಚು ಜಾತಿಗಳಿವೆ. ಅವೆಲ್ಲವೂ ವಿದ್ಯುತ್ತನ್ನು ಹೊರಡಿಸತಕ್ಕವುಗಳೇ. ಆದರೆ ಕುದುರೆಯನ್ನೂ ಮನುಷ್ಯನನ್ನೂ ಕೆಡವಬಲ್ಲ ಶಕ್ತಿ ಇರುವುದು ಹಾವಿನಂತೆ ಉದ್ದವಾದ ಎಲೆಕ್ಟ್ರಿಕ್ ಈಲ್ ಒಂದಕ್ಕೇ. ೨೦೧೯ರಲ್ಲಿ ಅದರ ಒಂದು ಜಾತಿಯಲ್ಲಿ ೮೬೦ ವೋಲ್ಟುಗಳ ಒತ್ತಡವನ್ನು ಅಳೆದರು. ನಮ್ಮ ಮನೆಯ ದೀಪಕ್ಕೆ ಬರುವುದು ೨೩೦ ವೋಲ್ಟು. ಉಳಿದ ಮೀನುಗಳ ವಿದ್ಯುತ್ತು ಎಷ್ಟು ಕ್ಷೀಣವೆಂದರೆ ಅವನ್ನು ಕೈಯಲ್ಲಿ ಹಿಡಿದರೂ ತಿಳಿಯದು. ಮಿತ್ರರ ಮನೆಯ ಕರಿಮೀನು ಸೆಕೆಂಡಿಗೆ ಸುಮಾರು ೧,೦೦೦ ಸಲ ಮಿಡಿಯುತ್ತಿರುತ್ತದೆ. ಹುಟ್ಟಿದಂದಿನಿಂದ ಸಾಯುವವರೆಗೆ, ನಿದ್ರೆಯಲ್ಲಿಯೂ ಈ ಮಿಡಿತ ನಿಲ್ಲದು.

ಈ ವಿದ್ಯುತ್ತು ಹುಟ್ಟುವುದು ಹೇಗೆ? ನಮ್ಮ ತೋಳಿನ ಸ್ನಾಯುವೂ ಕುಗ್ಗುವ ಮುನ್ನ ಅಲ್ಪವಾದ ವಿದ್ಯುತ್ತನ್ನು ಹೊರಡಿಸುತ್ತದೆ. ಈ ಮೀನುಗಳ ಬಾಲದ ಕಡೆಯ ಕೆಲವು ಸ್ನಾಯುಕಣಗಳು ಕುಗ್ಗುವ ಕೆಲಸವನ್ನು ಬಿಟ್ಟು ವಿದ್ಯುತ್ತಿನ ಕೆಲಸವನ್ನೇ ಹಿಡಿದಿವೆ. (ಕರಿಮೀನಿನ ಬಳಗದಲ್ಲಿ ಮಾತ್ರ ಸ್ನಾಯುವಿನ ಬದಲು ನರಗಳೇ ಈ ಕೆಲಸವನ್ನು ವಹಿಸಿಕೊಂಡಿವೆ.) ಒಂದೊಂದು ಕಣದ ಒತ್ತಡ ಒಂದು ವೋಲ್ಟಿನ ಹತ್ತನೆಯ ಒಂದು ಪಾಲಿನಷ್ಟು. ಟಾರ್ಚಿನಲ್ಲಿ ಸೆಲ್ಲುಗಳನ್ನು ಒಂದರ ಹಿಂದೆ ಒಂದು ಇಡುವಂತೆ ಸಾವಿರಾರು ಕಣಗಳು ಸಾಲುಗೂಡಿದಾಗ ಈಲ್ ಮೀನಿನ ಹೊಡೆತ ಬರುತ್ತದೆ. ಇಲ್ಲಿ ಉಪಮೆ ತಲೆಕೆಳಗಾಗಿದೆ ಎಂದರೂ ಸಲ್ಲುತ್ತದೆ: ೧೮೦೦ರಲ್ಲಿ ಜಗತ್ತಿನ ಮೊದಲ ಬ್ಯಾಟರಿಯನ್ನು ಪ್ರಕಟಪಡಿಸಿದಾಗ ವೋಲ್ಟಾ ಮಹಾಶಯನು ಅದನ್ನು ಹೋಲಿಸಿದ್ದು ಮೀನಿನ ವಿದ್ಯುದಂಗಕ್ಕೆ.

ಆದರೆ ಕೈಗೂ ತಿಳಿಯದ ವಿದ್ಯುತ್ತಿನಿಂದ ಮೀನಿಗೇನು ಪ್ರಯೋಜನ? ಡಾರ್ವಿನನು ೧೮೫೯ರ ತನ್ನ ಗ್ರಂಥದಲ್ಲಿ ವಿದ್ಯುದಂಗಗಳನ್ನು ತನ್ನ ವಾದಕ್ಕೆ ಎದುರಾದ ವಿಶೇಷ ತೊಡಕುಗಳಲ್ಲಿ ಒಂದೆಂದು ಒಪ್ಪಿಕೊಂಡಿದ್ದನು. ಗಂಟು ಬಿಚ್ಚಿದುದು ಸುಮಾರು ಒಂದು ಶತಮಾನದ ಮೇಲೆ, ಆಫ್ರಿಕದ ಮೀನೊಂದರಿಂದ. ನೈಲ್ ಮೊದಲಾದ ನದಿಗಳಲ್ಲಿರುವ ಜಿಮ್ನಾರ್ಕಸ್ ಎಂಬ ಮೀನಿಗೆ ಉದ್ದನೆಯ ರೆಕ್ಕೆ ಹೊಟ್ಟೆಯ ಕೆಳಗಲ್ಲ, ಬೆನ್ನ ಮೇಲೆ. ಅದು ಹಿಮ್ಮುಖವಾಗಿ ಈಜುವಾಗಲೂ ಯಾವುದಕ್ಕೂ ಬಡಿಯದೆ ಬಾಲವನ್ನು ಕಲ್ಲಿನ ಸಂದಿಗೆ ನೇರವಾಗಿ ತೂರಿಸುವುದನ್ನು ಕೇಂಬ್ರಿಡ್ಜಿನ ಲಿಸ್‌ಮನ್ ಎಂಬ ವಿಜ್ಞಾನಿ ಗಮನಿಸಿದರು. ಬಾಲಕ್ಕೆ ಕಣ್ಣಿಲ್ಲವಷ್ಟೆ. ನೀರಿನಲ್ಲಿ ತಂತಿಗಳನ್ನು ಇಳಿಸಿ ನೋಡಿದಾಗ ಮೀನು ಸೆಕೆಂಡಿಗೆ ಸುಮಾರು ೩೦೦ ಸಲ ಎಡೆಬಿಡದೆ ಮಿಡಿಯುತ್ತಿರುವುದು ತಿಳಿಯಿತು. ಇದನ್ನು ಅವರು ೧೯೫೧ರಲ್ಲಿ ಪ್ರಕಟಿಸಿದರು. ತಲೆ ಬಾಚಿದ ಬಾಚಣಿಗೆಯನ್ನು ತೊಟ್ಟಿಯ ಹೊರಗೆ ಆಡಿಸಿದರೂ ಆ ಮೀನು ಬೆಚ್ಚುತ್ತಿತ್ತು!

೧೯೫೮ರಲ್ಲಿ ಲಿಸ್‌ಮನ್ನರೂ ಅವರ ಸಹೋದ್ಯೋಗಿ ಮೇಚಿನ್ನರೂ ಪ್ರಕಟಿಸಿದ ಪ್ರಯೋಗ ನಮಗೆ ಬಹಳ ಮೆಚ್ಚಿಕೆಯಾದುದು. ನೀರನ್ನು ಹೀರುವ ಮಣ್ಣಿನ ಕುಡಿಕೆಗಳನ್ನು ತೊಟ್ಟಿಯಲ್ಲಿಟ್ಟರು. ನೆನೆದ ಕುಡಿಕೆಯ ಗೋಡೆ ವಿದ್ಯುತ್ತಿಗೆ ಅಡ್ಡಿಯಲ್ಲ, ಆದರೆ ಒಳಗಿರುವುದು ಹೊರಗೆ ಕಾಣದು. ಒಂದು ಕುಡಿಕೆಯಲ್ಲಿ ಬರಿಯ ನೀರು. ಮತ್ತೊಂದರಲ್ಲಿ ನೀರಿನೊಡನೆ ಗಾಜಿನ ಕಡ್ಡಿ. ನೀರಿನ ಕುಡಿಕೆಯ ಬಳಿಗೆ ಬಂದರೆ ಆಹಾರ, ಇನ್ನೊಂದರ ಬಳಿಗೆ ಹೋದರೆ ಗದರಿಕೆ. ಮೀನು ಕೆಲಕಾಲದಲ್ಲೇ ಕಲಿತುಬಿಟ್ಟಿತು. ೨ ಮಿಲಿಮೀಟರ್ ದಪ್ಪದ ಕಡ್ಡಿಯೊಂದು ಒಳಗಿದ್ದರೂ ಅದಕ್ಕೆ ಗೊತ್ತಾಗುತ್ತಿತ್ತು. ಮೀನಿನ ಸುತ್ತ ಹರಡಿದ ವಿದ್ಯುತ್‌ಕ್ಷೇತ್ರವನ್ನು ಗಾಜು ಪಕ್ಕಕ್ಕೆ ತಳ್ಳುತ್ತದೆ, ಲೋಹ ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಆಗ ಚರ್ಮದ ಮೇಲೆ ಬೀಳುವ ಈ ನೆರಳನ್ನು ಅಲ್ಲಿರುವ ಇಂದ್ರಿಯಗಳು ಓದುತ್ತವೆ.

ಒಂದೇ ಮಡುವಿನಲ್ಲಿ ಹತ್ತಾರು ಮೀನುಗಳು ಹೀಗೆ ಮಿಡಿಯುತ್ತಿದ್ದರೆ ಗೊಂದಲವಾಗದೆ? ೧೯೬೩ರಲ್ಲಿ ವಾತಾನಾಬೆ, ತಾಕೆದಾ ಎಂಬ ಜಪಾನಿನ ಇಬ್ಬರು ವಿಜ್ಞಾನಿಗಳು ಇದಕ್ಕೆ ಉತ್ತರ ಕಂಡರು. ಎರಡು ತಂಬೂರಿಗಳ ಶ್ರುತಿ ಕೂದಲೆಳೆಯಷ್ಟು ಬೇರೆಯಾಗಿದ್ದರೆ ನಾದ ಏರಿ ಇಳಿದು ತುಯ್ಯುವುದನ್ನು ಸಂಗೀತ ಬಲ್ಲವರು ಕೇಳಿರುತ್ತಾರೆ. ಗಾಯಕರು ಬಿರಡೆಯನ್ನು ತಿರುಗಿಸಿ ಎರಡನ್ನೂ ಒಂದಾಗಿಸುತ್ತಾರೆ. ಅಮೆರಿಕದ ಐಗೆನ್‌ಮಾನಿಯ ಎಂಬ ಚೂರಿಮೀನು ಇದಕ್ಕೆ ವಿರುದ್ಧವಾಗಿ, ನೆರೆಯ ಮೀನಿನ ಶ್ರುತಿ ತನ್ನದರ ಹತ್ತಿರ ಬಂದೊಡನೆ ತನ್ನದನ್ನು ದೂರ ಸರಿಸುತ್ತದೆ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ.

ಅಮೆರಿಕದ ಮೀನಿಗೂ ಆಫ್ರಿಕದ ಮೀನಿಗೂ ಹತ್ತಿರದ ನೆಂಟಸ್ತಿಕೆಯಿಲ್ಲ. ಆದರೂ ಎರಡೂ ಈ ವಿದ್ಯೆಯನ್ನು ಬೇರೆಬೇರೆಯಾಗಿ ಸಂಪಾದಿಸಿವೆ. ಎರಡು ಖಂಡಗಳಲ್ಲಿಯೂ ಸ್ನಾಯುವಿಗೆ ಸೇರಿದ ಒಂದೇ ಅನುವಂಶಧಾತು ವಿದ್ಯುತ್ತಿನ ಕೆಲಸಕ್ಕೆ ಮಾರ್ಪಟ್ಟಿರುವುದು ೨೦೦೬ರಲ್ಲಿ ಗೊತ್ತಾಯಿತು. ಎರಡು ಕಡೆಯ ಮೀನುಗಳೂ ಮೈಯನ್ನು ಕೋಲಿನಂತೆ ನೇರವಾಗಿಟ್ಟು ರೆಕ್ಕೆಯಿಂದಲೇ ಈಜುವುದಕ್ಕೆ ಲಿಸ್‌ಮನ್ನರು ಒಂದು ಕಾರಣ ಹೇಳಿದರು: ಮೈ ಬಳುಕಿದರೆ ಸುತ್ತಣ ಕ್ಷೇತ್ರವೂ ಬಳುಕಿ, ಓದುವ ಪುಟವೇ ಕದಡಿಹೋಗುತ್ತದೆ.

ಈ ಕಾರಣವನ್ನು ಒಪ್ಪಿದೆವೆಂದರೆ ನಮ್ಮ ಚಪ್ಪಲಿ ಮೀನು ಅಡ್ಡ ನಿಲ್ಲುತ್ತದೆ! ಅದೂ ರೆಕ್ಕೆಯ ಅಲೆಯಿಂದ ಹಿಂದುಮುಂದಾಗಿ ಈಜುವುದುಂಟು. ಆದರೆ ವಿದ್ಯುತ್ತನ್ನು ಹೊರಡಿಸುವುದಿಲ್ಲ, ಅರಿಯುವುದೂ ಇಲ್ಲ. ಹೆಚ್ಚಿನ ವಿಸ್ಮಯವೆಂದರೆ, ಅದು ಅಮೆರಿಕದ ಚೂರಿಮೀನಿಗೆ ಏನೂ ಅಲ್ಲ, ಆಫ್ರಿಕದ ಜಿಮ್ನಾರ್ಕಸಿಗೆ ನಿಜವಾದ ದಾಯಾದಿ. ಚಪ್ಪಲಿ ಮೀನಿನ ಸ್ವಂತ ಮನೆತನದ ಆಫ್ರಿಕದ ಶಾಖೆಗೆ ವಿದ್ಯುತ್ತನ್ನು ಅರಿಯುವ ಇಂದ್ರಿಯ ಇಂದಿಗೂ ಉಂಟು. ಏಷ್ಯದ ಶಾಖೆ ಅದನ್ನು ಕಳೆದುಕೊಂಡಿದೆ. ಹೀಗಾಗಿ ಉದ್ದ ರೆಕ್ಕೆಗೆ ವಿದ್ಯುತ್ತಿನ ಹಂಗಿಲ್ಲದ ಉಪಯೋಗವೂ ಇರಬೇಕು. ರೆಕ್ಕೆಯ ಎರಡು ಕೊನೆಗಳಿಂದ ಎದುರುಬದುರಾಗಿ ಅಲೆಗಳನ್ನು ಹರಿಸಿ ಮೀನು ನಿಂತಲ್ಲಿ ಸ್ಥಿರವಾಗಿ ನಿಲ್ಲುವುದೂ, ತಟಕ್ಕನೆ ಸರಿಯುವುದೂ ಒಟ್ಟಿಗೇ ಸಾಧ್ಯವೆಂದು ಐಗೆನ್‌ಮಾನಿಯದ ಮೇಲಿನ ಅಧ್ಯಯನವೊಂದು ೨೦೧೩ರಲ್ಲಿ ತೋರಿಸಿತು. ಗಿಡಗಂಟಿಯ ಸಂದಿಯಲ್ಲಿ ಬದುಕುವ ಪ್ರಾಣಿಗೆ ಇದು ಸಣ್ಣ ಲಾಭವಲ್ಲ.

ಹಾಗಾದರೆ ನಮ್ಮ ಹೊಳೆಯಲ್ಲಿ ವಿದ್ಯುತ್ತನ್ನು ಬಲ್ಲ ಮೀನೇ ಇಲ್ಲವೆ? ಇದೆ, ಯಾರೂ ಅನುಮಾನಿಸದ ಕಡೆ ಇದೆ. ಮುಂಗಾರಿನ ಹೊಸನೀರಿಗೆ ಹತ್ತುಮೀನು ಗದ್ದೆಗೆ ಏರುವಾಗ ಕೂಣಿಯಲ್ಲಿ ಬೀಳುವ ಮುರುಗೋಡು, ಮುಳ್ಳು ಚುಚ್ಚುವ ಚೇಳುಮೀನು, ದೊಡ್ಡ ಬಾಯಿಯ ಬಾಳೆಮೀನು ಇವೆಲ್ಲ ಮೀಸೆಯ ಮೀನುಗಳು, ಅಮೆರಿಕದ ಚೂರಿಮೀನುಗಳ ಹತ್ತಿರದ ಬಂಧುಗಳಲ್ಲಿ ಸೇರಿದವು. ಹೋಲಿಕೆ ಕಿಂಚಿತ್ತೂ ಇಲ್ಲ. ಆದರೆ ಅವುಗಳ ಚರ್ಮದಲ್ಲಿ ಹೂಜಿಯಾಕಾರದ ಸೂಕ್ಷ್ಮ ಗುಣಿಗಳಿವೆ. ನೀರಿನಲ್ಲಿರುವ ಪ್ರತಿಯೊಂದು ಜೀವಿಯ ಮೈಯಿಂದಲೂ ಅತ್ಯಲ್ಪ ವಿದ್ಯುತ್ತು ಸೋರುತ್ತಿರುತ್ತದೆ. ಒಂದು ಸೆಂಟಿಮೀಟರಿಗೆ ವೋಲ್ಟಿನ ದಶಲಕ್ಷದ ಕೆಲವೇ ಪಾಲುಗಳಷ್ಟಿದ್ದರೂ ಆ ಗುಣಿಗಳಿಗೆ ಅದು ಗೊತ್ತಾಗುತ್ತದೆ. ಕೆಸರಿನಲ್ಲಿ ಹುದುಗಿರುವ ಎರೆಹುಳು ಕಾಣದಿದ್ದರೂ ಮುರುಗೋಡು ಅದನ್ನು ಹುಡುಕುವುದಕ್ಕೆ ಮೀಸೆಯೊಂದೇ ಕಾರಣವಲ್ಲ.

ಇಷ್ಟು ಸೂಕ್ಷ್ಮವಾದ ಇಂದ್ರಿಯವಿರುವ ನೀರಿಗೆ ಮನುಷ್ಯನು ಏನನ್ನು ಇಳಿಸುತ್ತಿದ್ದಾನೆಂಬುದನ್ನು ಹೇಳದೆ ಮುಂದೆ ಹೋಗಲಾರೆವು. ಕಂಬದ ತಂತಿಯಿಂದಲೋ ಬ್ಯಾಟರಿಯಿಂದಲೋ ಕರೆಂಟು ಹಾಯಿಸಿ ಮೀನು ಹಿಡಿಯುವ ಕೆಟ್ಟ ಚಾಳಿ ಪಶ್ಚಿಮಘಟ್ಟದ ಹೊಳೆಗಳಿಗೂ ಬಂದಿದೆ. ಹಳೆಯ ಬಂಡೆಗಳ ಮೇಲೆ ಹರಿದುಬರುವ ಮಳೆನೀರಿನಲ್ಲಿ ಲವಣ ಕಡಿಮೆ. ಅದು ವಿದ್ಯುತ್ತನ್ನು ಚೆನ್ನಾಗಿ ಒಯ್ಯಲಾರದು; ಆದುದರಿಂದ ಹಿಡಿಯುವವರು ಒತ್ತಡವನ್ನು ಏರಿಸುತ್ತ ಹೋಗುತ್ತಾರೆ. ಮೀನು ದೊಡ್ಡದಾದಷ್ಟೂ ಅದರ ತಲೆಗೂ ಬಾಲಕ್ಕೂ ನಡುವಣ ಒತ್ತಡ ಹೆಚ್ಚು. ಸ್ನಾಯುಗಳು ಒಮ್ಮೆಲೇ ಬಿಗಿದು ಬೆನ್ನುಮೂಳೆ ಮುರಿಯುವುದುಂಟು. ಹೀಗೆ ಮೊದಲು ಹೋಗುವುದು ಮೊಟ್ಟೆಯಿಡುವ ದೊಡ್ಡ ಮೀನುಗಳೇ. ಬುಟ್ಟಿಗೆ ಬಾರದೆ ತಪ್ಪಿಸಿಕೊಂಡವೂ ಮುಂದೆ ಎಷ್ಟೋ ವೇಳೆ ಕೆಳಗಿನ ಮಡುವಿನಲ್ಲಿ ಸಾಯುತ್ತವೆ. ನೀರಿನಲ್ಲಿ ನಿಂತ ಮನುಷ್ಯನೂ ಆ ವಿದ್ಯುತ್ತಿಗೆ ಒಂದು ದೊಡ್ಡ ಮೀನು. ವಿಜ್ಞಾನಿಗಳೂ ಗಣತಿಗಾಗಿ ವಿದ್ಯುತ್ತನ್ನು ಬಳಸುವುದುಂಟು. ಆದರೆ ಅವರು ನೀರಿನ ಗುಣವನ್ನು ಮೊದಲೇ ಅಳೆದು, ತಡೆತಡೆದು ಬರುವ ಏಕಮುಖ ಪ್ರವಾಹವನ್ನು ಹಾಯಿಸಿ, ಮಂಪರು ಹಿಡಿದ ಮೀನನ್ನು ಎಣಿಸಿ ಮರಳಿ ಬಿಡುತ್ತಾರೆ. ಮನೆಗೆ ಬರುವ ಉಭಯಮುಖ ಪ್ರವಾಹ ಅದಕ್ಕಿಂತ ಬಹಳ ಕ್ರೂರವಾದುದು.

ಮಿತ್ರರಿಗೆ ನಾವು ಕೊನೆಯದಾಗಿ ಬರೆದುದು ೧೯೧೭ರ ಒಂದು ಪ್ರಯೋಗದ ವಿಷಯ. ಪಾರ್ಕರ್, ವಾನ್ ಹ್ಯೂಸನ್ ಎಂಬ ಇಬ್ಬರು ಅಮೆರಿಕದ ಮೀಸೆಯ ಮೀನೊಂದರ ಕಣ್ಣು ಮುಚ್ಚಿ ಅದರ ಹತ್ತಿರಕ್ಕೆ ಒಮ್ಮೆ ಗಾಜಿನ ಕಡ್ಡಿಯನ್ನೂ ಒಮ್ಮೆ ಲೋಹದ ಕಡ್ಡಿಯನ್ನೂ ತಂದರು. ಗಾಜು ಮೈಗೆ ತಗುಲುವವರೆಗೆ ಮೀನು ಸುಮ್ಮನಿತ್ತು. ಲೋಹಕ್ಕೆ ಮಾತ್ರ ಕೆಲವು ಸೆಂಟಿಮೀಟರು ದೂರದಲ್ಲಿಯೇ ಎಚ್ಚರಗೊಂಡಿತು. ನೀರಿನಲ್ಲಿ ಮುಳುಗಿದ ಲೋಹದಿಂದ ಹುಟ್ಟುವ ಅಲ್ಪ ವಿದ್ಯುತ್ತೇ ಅದಕ್ಕೆ ಕಾರಣ. ಗದ್ದೆಯ ಮುರುಗೋಡನ್ನು ತೊಟ್ಟಿಯಲ್ಲಿ ಬಿಟ್ಟು, ಕಣ್ಣು ಕಟ್ಟುವ ಹಿಂಸೆಯಿಲ್ಲದೆ ಕತ್ತಲಿನಲ್ಲಿ, ಮಂದವಾದ ಕೆಂಪು ದೀಪವನ್ನಿಟ್ಟುಕೊಂಡು ಇದನ್ನು ಮಕ್ಕಳೊಡನೆ ಮಾಡಿನೋಡಬಹುದು. ಒಂದು ಗಾಜಿನ ಕಡ್ಡಿ, ಅಷ್ಟೇ ದಪ್ಪದ ಒಂದು ಕಬ್ಬಿಣದ ಮೊಳೆ ಸಾಕು. ಮೊಳೆಯನ್ನು ಅಲುಗಾಡಿಸದೆ ಬಹಳ ನಿಧಾನವಾಗಿ ಇಳಿಸಬೇಕು. ಇಲ್ಲವಾದರೆ ಮೀನು ಓಡಿದುದು ವಿದ್ಯುತ್ತಿಗೋ ನೀರಿನ ಅಲೆಗೋ ಎಂದು ಹೇಳಲಾಗದು.