ಕಲಿಯುವವರ ಬರಹಕ್ಕೊಂದು ನೆಲೆ

ಅಂತರ್ಜಾಲದ ಮೂಲಕ ನಡೆಯುವ ಪಾಠಗಳಲ್ಲಿ ಕೊಟ್ಟ ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸುವುದು ಉತ್ತರಿಸುವ ಒಂದು ಬಗೆಯಾದರೆ, ತಿಳಿದುದನ್ನು ತಮ್ಮದೇ ಮಾತುಗಳಲ್ಲಿ ಬರೆಯುವುದು ಇನ್ನೊಂದು ಬಗೆ. ಮೊದಲನೆಯದರ ಅಂಕಗಳನ್ನು ಕಲಿಕಾ ನಿರ್ವಹಣಾ ವ್ಯವಸ್ಥೆಗಳು ತಾವಾಗಿಯೇ ದಾಖಲಿಸಿಕೊಳ್ಳುತ್ತವೆ. ಎರಡನೆಯದು, ಅಂದರೆ ಶಿಕ್ಷಕರು ನಿಜಕ್ಕೂ ಓದಬೇಕಾದ ಬರಹ, ಪಾಠವನ್ನು ರೂಪಿಸಿದವರು ಅದಕ್ಕೆಂದೇ ಏರ್ಪಾಡು ಮಾಡದಿದ್ದರೆ ಪುಟ ಮುಚ್ಚಿದೊಡನೆ ಅಳಿಸಿಹೋಗುತ್ತದೆ.

ಇದಕ್ಕೆ ಕಾರಣ ಜಾಲದ ಮೂಲ ಸ್ವಭಾವದಲ್ಲೇ ಇದೆ. ಬ್ರೌಸರ್ ಮತ್ತು ಸರ್ವರ್‌ಗಳ ನಡುವಿನ ವ್ಯವಹಾರದ ನಿಯಮಾವಳಿಯಾದ ಎಚ್‌ಟಿಟಿಪಿ, ಪ್ರತಿಯೊಂದು ಕೋರಿಕೆಯನ್ನೂ ಹಿಂದಿನದರ ನೆನಪಿಲ್ಲದೆ ಪ್ರತ್ಯೇಕವಾಗಿಯೇ ನೋಡುತ್ತದೆ. ಬ್ರೌಸರ್‌ನೊಳಗೇ ಅಷ್ಟಿಷ್ಟು ಮಾಹಿತಿಯನ್ನು ಉಳಿಸಿಡಬಹುದಾದರೂ ಅದು ಆ ಒಂದು ಯಂತ್ರಕ್ಕೆ ಅಂಟಿಕೊಂಡಿರುವುದರಿಂದ, ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಮರುದಿನ ಬೇರೆ ಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಗೆ ತನ್ನ ಹಿಂದಿನ ಉತ್ತರ ಕಾಣಿಸುವುದಿಲ್ಲ, ಶಿಕ್ಷಕರಿಗಂತೂ ಅದು ತಲುಪುವುದೇ ಇಲ್ಲ.

ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ರೂಪುಗೊಂಡು, 2001ರಲ್ಲಿ 1.2ನೇ ಆವೃತ್ತಿಯಾಗಿ ಹೊರಬಂದು, ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಸ್ಕಾರ್ಮ್ ಎಂಬ ಮಾನದಂಡ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಪಾಠವನ್ನು ಅರ್ಧಕ್ಕೆ ನಿಲ್ಲಿಸಿದ ಸ್ಥಿತಿಯನ್ನು ಉಳಿಸಿಡಲು ಅದು ಒಂದು ಜಾಗವನ್ನು ಕೊಟ್ಟಿದ್ದು, ಅದರ ಮಿತಿ 4096 ಅಕ್ಷರಗಳು. ಇಂಗ್ಲಿಷಿನ ಒಂದೆರಡು ಪುಟಗಳಿಗೆ ಸಾಲುವ ಈ ಜಾಗ ಕನ್ನಡಕ್ಕೆ ಎಷ್ಟು ಇಕ್ಕಟ್ಟಾಗಬಹುದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರವು ಯುನಿಕೋಡ್‌ನಲ್ಲಿ ಮೂರು ವ್ಯಂಜನ, ಎರಡು ವಿರಾಮ ಹಾಗೂ ಒಂದು ಸ್ವರಚಿಹ್ನೆ ಸೇರಿ ಆರು ಘಟಕಗಳಾಗುತ್ತದೆ. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಕನ್ನಡದ ಪ್ರತಿ ಘಟಕಕ್ಕೂ ಮೂರು ಬೈಟ್‌ಗಳು ಬೇಕು. ಪಾಠದ ತಂತ್ರಾಂಶವು ಪಠ್ಯವನ್ನು ಜಾಲವಿಳಾಸಗಳಲ್ಲಿ ಬಳಸುವ ಶೇಕಡಾ ಚಿಹ್ನೆಯ ಸಂಕೇತಗಳಿಗೆ ಪರಿವರ್ತಿಸಿ ಉಳಿಸುವಂತಿದ್ದರೆ, ಪ್ರತಿ ಬೈಟ್ ಮೂರು ಅಕ್ಷರಗಳಾಗಿ ಹಿಗ್ಗಿ, ಒಂದು ‘ಸ್ತ್ರೀ’ ಐವತ್ನಾಲ್ಕು ಸ್ಥಾನಗಳನ್ನು ಆಕ್ರಮಿಸುತ್ತದೆ, 455 ಘಟಕಗಳಿಗೇ ಮಿತಿ ತುಂಬಿಹೋಗುತ್ತದೆ. ಒಂದು ಪ್ಯಾರಾದಷ್ಟು ಕನ್ನಡ ಬರೆದ ವಿದ್ಯಾರ್ಥಿಯ ಉತ್ತರದ ಬಾಲ ಹೀಗೆ ಕತ್ತರಿಸಿಹೋಗುವುದು ಸಣ್ಣ ನಷ್ಟವಲ್ಲ.

ಆದ್ದರಿಂದಲೇ ಪಾಠದ ಪುಟಕ್ಕೆ ಸರ್ವರ್ ಬದಿಯ ಸ್ಕ್ರಿಪ್ಟ್ ಒಂದನ್ನು ಜೋಡಿಸುವ ಕ್ರಮಕ್ಕೆ ಮಹತ್ವ ಬಂದಿದೆ. ಓದುಗರ ಯಂತ್ರದಲ್ಲಲ್ಲದೆ ಪಾಠವನ್ನು ಒದಗಿಸುವ ಕಂಪ್ಯೂಟರಿನಲ್ಲಿ ಓಡುವ ಕಿರು ಕಾರ್ಯಕ್ರಮವೇ ಈ ಸ್ಕ್ರಿಪ್ಟ್. ಇದನ್ನು ಬರೆಯಲು ಹೆಚ್ಚಾಗಿ ಬಳಕೆಯಾಗುವ ಪಿಎಚ್‌ಪಿ ಭಾಷೆಯನ್ನು ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು; ಆಸ್ಟ್ರೇಲಿಯದ ಮಾರ್ಟಿನ್ ಡೌಗಿಯಮಸ್ 2002ರಲ್ಲಿ ಹೊರತಂದ ಮೂಡಲ್ ಎಂಬ ಮುಕ್ತ ಕಲಿಕಾ ವ್ಯವಸ್ಥೆಯೂ ಇದೇ ಭಾಷೆಯಲ್ಲಿದೆ. ವಿದ್ಯಾರ್ಥಿ ಚೌಕದಲ್ಲಿ ಉತ್ತರ ಬರೆದು ‘ಕಳುಹಿಸಿ’ ಎಂಬ ಗುಂಡಿಯನ್ನು ಒತ್ತಿದಾಗ, ಬ್ರೌಸರ್ ಆ ಪಠ್ಯವನ್ನು ಸರ್ವರ್‌ಗೆ ರವಾನಿಸುತ್ತದೆ. ಸ್ಕ್ರಿಪ್ಟ್ ಅದನ್ನು ಪರಿಶೀಲಿಸಿ, ದತ್ತಸಂಚಯದ ಕೋಷ್ಟಕದಲ್ಲಿ ವಿದ್ಯಾರ್ಥಿಯ ಗುರುತು, ಪಾಠ, ಪ್ರಶ್ನೆ, ಉತ್ತರ ಮತ್ತು ಸಮಯ ಎಂಬ ಅಂಕಣಗಳಿರುವ ಒಂದು ಸಾಲನ್ನು ಸೇರಿಸುತ್ತದೆ. ‘ಉತ್ತರ ಉಳಿಯಿತು’ ಎಂಬ ಸಂದೇಶ ಕಾಣಿಸಬೇಕಾದದ್ದು ಗುಂಡಿ ಒತ್ತಿದಾಗಲ್ಲ, ಆ ಸಾಲು ಸೇರಿದೆಯೆಂದು ಸ್ಕ್ರಿಪ್ಟ್ ಮರಳಿ ತಿಳಿಸಿದ ಮೇಲೆ. ನೆಟ್‌ವರ್ಕ್ ಬಂದು ಹೋಗುವ ಊರುಗಳಲ್ಲಿ ಈ ವ್ಯತ್ಯಾಸಕ್ಕೆ ಬಹಳ ಬೆಲೆಯಿದೆ.

ಕನ್ನಡದ ಪಾಠಗಳಿಗೆ ಇಲ್ಲಿಯೂ ಒಂದು ಅಪಾಯ ಕಾದಿರುತ್ತದೆ. ಜನಪ್ರಿಯ ದತ್ತಸಂಚಯ ತಂತ್ರಾಂಶವಾದ ಮೈಎಸ್‌ಕ್ಯುಎಲ್ 2018ರ ಎಂಟನೇ ಆವೃತ್ತಿಯವರೆಗೂ, ಬೇರೇನನ್ನೂ ಹೇಳದಿದ್ದಲ್ಲಿ, ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ರೂಪಿಸಿದ ಅಕ್ಷರಗಣವನ್ನೇ ಆರಿಸಿಕೊಳ್ಳುತ್ತಿತ್ತು. ಅಂಥ ಕೋಷ್ಟಕಕ್ಕೆ ಸೇರಿದ ಕನ್ನಡದ ಉತ್ತರ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಯುವುದುಂಟು, ಹಾಗೆ ಉಳಿದದ್ದನ್ನು ಮತ್ತೆ ಅಕ್ಷರಗಳಿಗೆ ತಿರುಗಿಸಲಾಗದು.

ಸ್ಕ್ರಿಪ್ಟ್ ಬರೆಯುವವರ ನಿಜವಾದ ಹೊಣೆ ಇರುವುದು ನಂಬಿಕೆಯ ವಿಷಯದಲ್ಲಿ. ಬ್ರೌಸರ್‌ನಿಂದ ಬರುವ ಯಾವ ಮಾಹಿತಿಯನ್ನಾದರೂ ದಾರಿಯಲ್ಲಿ ತಿದ್ದಿ ಕಳುಹಿಸಬಹುದಾದ್ದರಿಂದ, ಪುಟ ಹೇಳಿದ ವಿದ್ಯಾರ್ಥಿಯ ಗುರುತನ್ನು ಹಾಗೆಯೇ ಒಪ್ಪದೆ, ಲಾಗಿನ್ ಆದಾಗ ಸರ್ವರ್ ತಾನೇ ಕೊಟ್ಟ ಗುರುತಿನೊಂದಿಗೆ ತಾಳೆ ನೋಡಬೇಕು. ಇಲ್ಲವಾದರೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬರೆಯಬಹುದು. ಉತ್ತರದ ಪಠ್ಯವನ್ನು ದತ್ತಸಂಚಯಕ್ಕೆ ಕೊಡುವ ಆದೇಶದೊಳಗೆ ನೇರವಾಗಿ ಹೆಣೆದರೆ, ಅದರಲ್ಲಿ ಹುದುಗಿಸಿದ ಆದೇಶಗಳೂ ಜಾರಿಯಾಗುವ ಅಪಾಯವಿದೆ. ಆದೇಶವನ್ನು ಮೊದಲೇ ಸಿದ್ಧಪಡಿಸಿ, ಉತ್ತರವನ್ನು ಬರಿಯ ಮೌಲ್ಯವಾಗಿ ಪ್ರತ್ಯೇಕವಾಗಿ ಒಪ್ಪಿಸುವುದೇ ಇದಕ್ಕೆ ಪರಿಹಾರ. ಸ್ಕ್ರಿಪ್ಟ್ ಬೇರೊಂದು ಜಾಲತಾಣದಲ್ಲಿದ್ದರೆ, ಆ ತಾಣ ಸ್ಪಷ್ಟ ಅನುಮತಿ ಕೊಡದ ಹೊರತು ಅದರ ಮರುತ್ತರವನ್ನು ಓದಲು ಬ್ರೌಸರ್ ಪಾಠದ ಪುಟಕ್ಕೆ ಬಿಡುವುದಿಲ್ಲ ಎಂಬುದನ್ನೂ ಮೊದಲೇ ಯೋಚಿಸಿರಬೇಕು.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ. ಮಕ್ಕಳು ಪ್ರಬಂಧದ ಉತ್ತರಗಳಲ್ಲಿ ಮನೆಯ ಕಷ್ಟ, ಕಾಯಿಲೆ, ಜಾತಿಗಳನ್ನೂ ಮುಚ್ಚುಮರೆಯಿಲ್ಲದೆ ಬರೆಯುವುದರಿಂದ, ಯಾವ ಶಿಕ್ಷಕರು ಯಾವ ತರಗತಿಯ ಸಾಲುಗಳನ್ನು ಓದಬಹುದು, ಪಾಠ ಮುಗಿದ ಎಷ್ಟು ದಿನಗಳ ಮೇಲೆ ಅವು ಅಳಿಯಬೇಕು ಎಂಬುದನ್ನು ಕೋಷ್ಟಕವನ್ನು ರಚಿಸುವಾಗಲೇ ತೀರ್ಮಾನಿಸಿ ಸ್ಕ್ರಿಪ್ಟಿನಲ್ಲೇ ಬರೆದಿಡಬೇಕಾಗುತ್ತದೆ.