ಐರಿಸ್ ಕುಟುಂಬದ ಹೂವು ಮತ್ತು ಗೆಡ್ಡೆಯ ಲೆಕ್ಕ

ಮಾಘ, ಫಾಲ್ಗುಣಗಳ ಲಗ್ನದ ದಿನಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಲ್ಯಾಣ ಮಂಟಪಗಳಿಗೆ ಹೋದ ಸದಸ್ಯರು ಒಂದು ಸಂಗತಿಯನ್ನು ಗಮನಿಸಿರಬಹುದು. ಮಂಟಪ ನಮ್ಮದು, ಊಟದ ಅಕ್ಕಿ ನಮ್ಮ ಗಿರಣಿಯದು; ವೇದಿಕೆಯ ಇಕ್ಕೆಲದ ಹೂದಾನಿಗಳಲ್ಲಿ ನಿಂತ ಉದ್ದ ದಂಟಿನ ಹೂವು ಮಾತ್ರ ದೂರದ ಪೇಟೆಯಿಂದ ರಾತ್ರಿ ಬಸ್ಸಿನಲ್ಲಿ ಬಂದದ್ದು. ಹೂವಿನ ಬೆಲೆಯೊಡನೆ ಸಾಗಣೆಯ ವೆಚ್ಚವನ್ನೂ ಬಾಡಿದ ಹೂವಿನ ನಷ್ಟವನ್ನೂ ನಾವೇ ಭರಿಸುತ್ತೇವೆ.

ಕಕ್ಷಿದಾರರೊಬ್ಬರ ಮಗಳು ಐರಿಸ್ ಹೂವಿನ ಚಿತ್ರವನ್ನು ತೋರಿಸಿ, ಇದನ್ನು ನಮ್ಮ ಹೊಲದಲ್ಲಿ ಬೆಳೆಯಬಹುದೇ ಎಂದು ಕೇಳಿದ್ದುಂಟು. ಕಾಶ್ಮೀರದ ಹಳೆಯ ಸ್ಮಶಾನಗಳಲ್ಲಿ ವಸಂತಕಾಲದಲ್ಲಿ ತಾನಾಗಿ ಅರಳುವ ನೇರಳೆ, ಬಿಳಿ ಹೂವದು. ಜಪಾನಿನಲ್ಲಿ ಮೇ 5ರ ಬಾಲಕರ ಹಬ್ಬಕ್ಕೆ ಅದರ ದಂಟು ಮತ್ತು ಖಡ್ಗದಂತಹ ಎಲೆಗಳನ್ನು ನೆಟ್ಟಗೆ ನಿಲ್ಲಿಸಿ ಪುಷ್ಪಜೋಡಣೆ ಮಾಡುತ್ತಾರೆ. ಅದರ ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಬಿಸಿಲು ಕಾಯುವಂತಿರಬೇಕು, ಮೂರು ನಾಲ್ಕು ವರ್ಷಕ್ಕೊಮ್ಮೆ ಬಿಡಿಸಿ ನೆಡಬೇಕು. ಎಲ್ಲಕ್ಕಿಂತ ಮಿಗಿಲಾಗಿ ಚಳಿಗಾಲದ ನಿಜವಾದ ಚಳಿ ಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆ ಅದಕ್ಕೆ ತಕ್ಕ ನೆಲವಲ್ಲವೆಂದು ಆ ಹುಡುಗಿಗೆ ಹೇಳಬೇಕಾಯಿತು.

ಆದರೆ ಅದೇ ಸಸ್ಯ ಕುಟುಂಬದ ಗ್ಲಾಡಿಯೋಲಸ್ ಇಲ್ಲಿಗೆ ಒಗ್ಗುತ್ತದೆ. ವೇದಿಕೆಯ ಹೂದಾನಿಯಲ್ಲಿ ನಾವು ಕಾಣುವ ಉದ್ದ ದಂಟಿನ ಹೂವು ಬಹುಪಾಲು ಇದೇ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆರತಿ, ಪೂನಂ, ದರ್ಶನ್, ಕುಂಕುಮ್ ಮೊದಲಾದ ತಳಿಗಳನ್ನು ನಮ್ಮ ನಾಡಿಗಾಗಿಯೇ ಹೊರತಂದಿದೆ. ಅಕ್ಟೋಬರ್, ನವೆಂಬರ್‌ನಲ್ಲಿ ಗೆಡ್ಡೆ ಊರಿದರೆ ತಳಿಯನ್ನನುಸರಿಸಿ ಎರಡರಿಂದ ಮೂರು ತಿಂಗಳಲ್ಲಿ ಹೂದಂಟು ಸಿಗುತ್ತದೆ. ಯುಗಾದಿಯ ಹೊತ್ತಿಗೇ ಹೂವು ಬೇಕೆಂದು ತಡವಾಗಿ ನೆಟ್ಟರೆ ಬಿಸಿಲಿಗೆ ದಂಟು ಗಿಡ್ಡವಾಗುತ್ತದೆ. ಆ ಕಾಲಕ್ಕೆ ಸುಗಂಧರಾಜವೇ ಲೇಸು.

ಭೂಮಿಯ ಆಯ್ಕೆಯಲ್ಲಿ ಎಚ್ಚರ ಅಗತ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಸಿಂಧನೂರಿನ ಎರೆಭೂಮಿಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಅಲ್ಲಿ ಏರುಮಡಿ ಕಟ್ಟದೆ ನೆಡಲಾಗದು. ಲಿಂಗಸುಗೂರು, ಮಸ್ಕಿ ಕಡೆಯ ಮಸಾರಿ ಹೊಲಗಳು ಹೆಚ್ಚು ಅನುಕೂಲ. ನೀರಿನ ವಿಷಯ ಇನ್ನೂ ಸೂಕ್ಷ್ಮ. ಗ್ಲಾಡಿಯೋಲಸ್ ಫ್ಲೋರೈಡ್ ಸಹಿಸದು, ಎಲೆಯ ಮತ್ತು ದಳಗಳ ಅಂಚು ಸುಡುತ್ತದೆ. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಧಿಕವಿರುವುದರಿಂದ ಮೊದಲು ನೀರಿನ ಪರೀಕ್ಷೆಯಾಗಲಿ. ಕೃಷಿಹೊಂಡದ ಮಳೆನೀರಿದ್ದವರು ಭಾಗ್ಯವಂತರು.

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ಮಾತು. ಇದರಲ್ಲಿ ನನ್ನ ತಪ್ಪೂ ಇದೆ. ಕೆಲವು ವರ್ಷಗಳ ಹಿಂದೆ ಭತ್ತದ ಎರಡನೇ ಬೆಳೆಗೆ ನೀರು ನೆಚ್ಚಲಾಗದೆ ಕಕ್ಷಿದಾರರೊಬ್ಬರು ಹತ್ತು ಗುಂಟೆಯಲ್ಲಿ ಈ ಹೂವನ್ನು ಬೆಳೆದರು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗೆಡ್ಡೆಯಿಂದ ಗೆಡ್ಡೆಗೆ 20 ಸೆಂಟಿಮೀಟರ್ ಅಂತರದಲ್ಲಿ, ಕಾಲುದಾರಿ ಕಳೆದರೂ, ಹತ್ತು ಗುಂಟೆಗೆ ಹದಿನಾಲ್ಕು ಸಾವಿರ ಗೆಡ್ಡೆಗಳಾದರೂ ಬೇಕು. ವೆಚ್ಚದ ಬಹುಭಾಗ ಅದೇ. ವರ್ಷಾಂತ್ಯದಲ್ಲಿ ನಾನು ಆ ಇಡೀ ಮೊತ್ತವನ್ನು, ಬೀಜ, ಗೊಬ್ಬರಗಳಂತೆ, ಅದೇ ವರ್ಷದ ಖರ್ಚಿಗೆ ಬರೆದೆ. ಲೆಕ್ಕ ನಷ್ಟ ತೋರಿಸಿತು. ಅವರು ಪತ್ರವನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೋದರು. ಮರುವರ್ಷ ಹೂವು ನೆಡಲಿಲ್ಲ.

ಭತ್ತದ ಬೀಜ ಒಮ್ಮೆ ಬಿತ್ತಿದರೆ ಮುಗಿಯಿತು. ಗ್ಲಾಡಿಯೋಲಸ್‌ನ ಹಳೆಯ ಗೆಡ್ಡೆ ಸೊರಗುವಾಗ ಅದರ ಮೇಲೆ ಒಂದೋ ಎರಡೋ ಹೊಸ ಗೆಡ್ಡೆ ಕೂಡುತ್ತದೆ, ಸುತ್ತಲೂ ಮರಿಗಳು ಹುಟ್ಟುತ್ತವೆ. ಅವೆಲ್ಲ ಅಂತಿಮ ದಾಸ್ತಾನು. ಅವರ ಹೊಲದಲ್ಲಿ ಮಣ್ಣಿನೊಳಗೆ ಮುಂದಿನ ವರ್ಷದ ಬಂಡವಾಳ ಬಿದ್ದಿತ್ತು. ನನ್ನ ಹಾಳೆಯಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ. ಎಣಿಸಿ, ತೂಗಿ, ಬೆಲೆ ಕಟ್ಟಿದ್ದರೆ ಅವರು ಬೇರೆ ತೀರ್ಮಾನ ಮಾಡುತ್ತಿದ್ದರೋ ಏನೋ.

ಗೆಡ್ಡೆ ಬಲಿಯಬೇಕಾದರೆ ಹೂದಂಟು ಕೊಯ್ಯುವಾಗ ಗಿಡದಲ್ಲಿ ನಾಲ್ಕೈದು ಎಲೆಗಳನ್ನು ಬಿಡಬೇಕು. ಉದ್ದ ದಂಟಿಗೆ ಹೆಚ್ಚು ಬೆಲೆ ಎಂಬ ಆಸೆಗೆ ಬುಡಕ್ಕೆ ಕತ್ತರಿ ಹಾಕುವುದು ಮೂಲಧನವನ್ನೇ ಮಾರಿದಂತೆ. ಕೊಯ್ದ ಆರರಿಂದ ಎಂಟು ವಾರಗಳ ಅನಂತರ, ಎಲೆ ಹಳದಿಯಾದಾಗ, ಗೆಡ್ಡೆ ಅಗೆದು ನೆರಳಿನಲ್ಲಿ ಆರಿಸಿ ಶಿಲೀಂಧ್ರನಾಶಕದಲ್ಲಿ ಅದ್ದಿಡಬೇಕು.

ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದೊಡನೆ ದಂಟನ್ನು ಮುಂಜಾನೆ ಕೊಯ್ದು ನೀರಿಗಿಡಬೇಕು. ಸಾಗಿಸುವಾಗ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ತುದಿ ಮೇಲಕ್ಕೆ ಬಾಗುತ್ತದೆ, ಬಾಗಿದ ದಂಟನ್ನು ಯಾವ ಅಲಂಕಾರದವನೂ ಕೊಳ್ಳುವುದಿಲ್ಲ. ಜೋಡಿಸುವಾಗ ಎತ್ತರದ ಮೂರು ದಂಟು ಹಿಂದೆ, ಗಿಡ್ಡವು ಮುಂದೆ, ಬುಡದಲ್ಲಿ ಸೇವಂತಿಗೆ, ಒಂದು ಬದಿಗೆ ಚಿಗುರಿದ ಮಾವಿನ ರೆಂಬೆ: ವಸಂತಕ್ಕೆ ಇಷ್ಟು ಸಾಕೆಂದು ನನ್ನ ಅಭಿಪ್ರಾಯ. ದಂಟಿನ ತುದಿಯ ಎಳೆಯ ಮೊಗ್ಗುಗಳನ್ನು ಚಿವುಟಿ, ದಿನವೂ ನೀರು ಬದಲಿಸಿ, ಬಾಡಿದ ಕೆಳಹೂಗಳನ್ನು ತೆಗೆಯುತ್ತಿದ್ದರೆ ಉಳಿದವು ಒಂದೊಂದಾಗಿ ಅರಳುತ್ತವೆ.

ತೆರಿಗೆಯ ಬಗ್ಗೆ ಸಂಕ್ಷೇಪವಾಗಿ. ತನ್ನ ಹೊಲದ ಹೂವನ್ನು ಮಾರುವ ರೈತನಿಗೆ ಅದು ಕೃಷಿ ಆದಾಯ, ಜಿಎಸ್‌ಟಿ ನೋಂದಣಿಯೂ ಬೇಡ. 2017ರ ಜುಲೈಯಿಂದ ಇಂದಿನವರೆಗೂ ತಾಜಾ ಹೂವಿನ ಮೇಲೆ ಜಿಎಸ್‌ಟಿ ಇಲ್ಲ. ಅದೇ ಹೂವು ಮಂಟಪದ ಅಲಂಕಾರವಾದಾಗ ಸೇವೆಯಾಗುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದ ಅಲಂಕಾರದವರು ನೋಂದಣಿ ಪಡೆದು ಶೇ. 18ರಂತೆ ತೆರಿಗೆ ಕಟ್ಟಬೇಕು. ಬಿಲ್ಲಿನಲ್ಲಿ ಕೇವಲ 'ಹೂವು' ಎಂದು ಬರೆದ ಮಾತ್ರಕ್ಕೆ ಇದು ತಪ್ಪದು.

ಕೊನೆಯದಾಗಿ ಸದಸ್ಯರಲ್ಲಿ ಒಂದು ವಿನಂತಿ. ಅಗೆದ ಗೆಡ್ಡೆ ಸೆಪ್ಟೆಂಬರ್‌ವರೆಗೆ ಸುಮಾರು 4 ಡಿಗ್ರಿ ತಂಪಿನಲ್ಲಿರಬೇಕು. ನಮ್ಮ ಬೇಸಿಗೆಯಲ್ಲಿ ಮನೆಯ ಅಟ್ಟದ ಮೇಲಿಟ್ಟದ್ದು ಒಣಗಿಹೋಗುತ್ತದೆ. ಶೀತಲಗೃಹವುಳ್ಳವರು ಒಂದು ಮೂಲೆಯಲ್ಲಿ, ಚೀಲದ ಲೆಕ್ಕದ ಬಾಡಿಗೆಗೆ, ಬೆಳೆಗಾರರ ಗೆಡ್ಡೆಗಳನ್ನು ಇರಿಸಿಕೊಳ್ಳಲು ಸಾಧ್ಯವೇ ಎಂಬುದನ್ನು ಫೆಬ್ರುವರಿಯೊಳಗೆ ತಿಳಿಸಿದರೆ, ಮಾರ್ಚ್‌ನ ಅಗೆತಕ್ಕೆ ಮೊದಲೇ ಬೆಳೆಗಾರರೊಡನೆ ಮಾತನಾಡಬಹುದು.