ಗಡಿಯಾರದೊಡನೆ ಪಂದ್ಯ

ಜೋಯಿಡಾದ ಏರುಗಳಲ್ಲಿ ಸೈಕಲ್ ಸವಾರನು ತನ್ನ ತೂಕದೊಡನೆ ಹೋರಾಡಬೇಕು. ಹಳಿಯಾಳ, ಮುಂಡಗೋಡಗಳ ಬಯಲಿನಲ್ಲಿ ಗಾಳಿಯೊಡನೆ. ದಾಂಡೇಲಿಯ ತೇಗದ ಕಾಡು ಅದನ್ನು ತುಸು ಮುರಿಯುತ್ತದೆ, ನಿಜ. ಆದರೆ ಟೈಂ ಟ್ರಯಲ್ ಎಂಬ ಪಂದ್ಯದಲ್ಲಿ ಸವಾರರು ಒಬ್ಬೊಬ್ಬರಾಗಿ, ನಡುವೆ ಕಾಲ ಬಿಟ್ಟು ಹೊರಡುವುದರಿಂದ ಇನ್ನೊಬ್ಬನ ಬೆನ್ನಿನ ಮರೆ ಸಿಗದು.

ವೇಗವು ಗಂಟೆಗೆ 30ರಿಂದ 40 ಕಿಲೋಮೀಟರಿಗೇರಿದರೆ ಗಾಳಿಯ ತಡೆ ಸುಮಾರು 1.8 ಪಟ್ಟಾಗುತ್ತದೆ; ಅದನ್ನು ಗೆಲ್ಲಲು ಕಾಲುಗಳು ಒದಗಿಸಬೇಕಾದ ಸಾಮರ್ಥ್ಯ 2.4 ಪಟ್ಟು. ಬೆನ್ನು ಬಾಗಿಸಿ, ಮೊಣಕೈಗಳನ್ನು ಒಳಕ್ಕೆ ಸೆಳೆದು ಕೂರುವುದು ಬೆಡಗಿಗಲ್ಲ. 1972ರಲ್ಲಿ ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿಲೋಮೀಟರು ಕ್ರಮಿಸಿದುದು 2,200 ಮೀಟರಿಗೂ ಎತ್ತರದ ಮೆಕ್ಸಿಕೋ ನಗರದ ತೆಳುಗಾಳಿಯಲ್ಲಿ. 500 ಮೀಟರೂ ಎತ್ತರವಿಲ್ಲದ ದಾಂಡೇಲಿಯಲ್ಲಿ ಆ ಸವಲತ್ತಿಲ್ಲ!

ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನು ತಳ್ಳಿ ಲೆಕ್ಕ ತೀರಿಸುವುದೆಂದು ಹಲವರು ಭಾವಿಸುತ್ತಾರೆ. ತೀರದು. ಗಾಳಿಯಿಲ್ಲದ ದಿನ 10 ಕಿಲೋಮೀಟರು ಹೋಗಿ, ಅಷ್ಟೇ ಹಿಂದಿರುಗಲು 40ರ ವೇಗದಲ್ಲಿ 30 ನಿಮಿಷ ಸಾಕು. ಹೋಗುವಾಗ 30, ಬರುವಾಗ 50ರ ವೇಗವಾದರೆ 20 ಮತ್ತು 12, ಒಟ್ಟು 32 ನಿಮಿಷ. ನಿಧಾನದ ದಾರಿಯಲ್ಲೇ ನಾವು ಹೆಚ್ಚು ಹೊತ್ತು ಇರುತ್ತೇವಷ್ಟೆ.

ಹೊರಡುವ ಹುರುಪಿನಲ್ಲಿ ಹವ್ಯಾಸಿಯು ಮೊದಲ ಎರಡು ನಿಮಿಷಗಳಲ್ಲೇ ಸೋಲುವುದುಂಟು. ಉಸಿರು ಒದಗಿಸುವ ಆಮ್ಲಜನಕವನ್ನು ಮೀರಿ ತುಳಿದರೆ ತೊಡೆಗಳು ಬೇಗನೆ ದಣಿಯುತ್ತವೆ. ಆ ಸಾಲ ತೀರಿಸಲು ನಡುದಾರಿಯಲ್ಲಿ ಬಿಡುವಿಲ್ಲ. ಮೊದಲು ತುಸು ತಡೆದು, ಎದುರುಗಾಳಿಯಲ್ಲಿ ಬಲವಾಗಿ ತುಳಿದು, ಗಾಳಿ ಬೆನ್ನಿಗೆ ಬಂದಾಗ ಕೊಂಚ ಸಡಿಲಿಸುವವನೇ ಕ್ಷಣಗಳನ್ನು ಉಳಿಸುತ್ತಾನೆ.